ಆಡಿದ ಮೇಲೆ ಬಲೆ ಎಳೆಯಿರಿ

ರೆಜಿಸ್ ಕಾಂಬೋಲೀವ್ ಅಕ್ಟೋಬರ್ ಹನ್ನೊಂದರ ಮಂಗಳವಾರ ಬೆಳಗಿನ ಜಾವ ತೀರಿಕೊಂಡ. ಐವತ್ತೊಂಬತ್ತು ವರ್ಷವಾಗಿತ್ತು. ಹಿಂದಿನ ಸಂಜೆ ಊಟ ಬೇಡವೆಂದು ಹೇಳಿ ಬೇಗ ಮಲಗಿದ್ದನಂತೆ. ಆರೂವರೆಗೆ ಹೆಂಡತಿ ವಿವಿಯಾನ್ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಅವಳು ಮೊದಲು ಡಾಕ್ಟರಿಗೆ ಫೋನ್ ಮಾಡಿದಳು, ಆಮೇಲೆ ಅವನ ಬಾಲ್ಯದ ಗೆಳೆಯ ಎರ್ವೆ ದುಫೋನಿಗೆ. "ಎರ್ವೆ, ಬಾ" ಎಂದಳು.  ಎರ್ವೆ ತಕ್ಷಣ ಹೊರಟ.

ಡಾಕ್ಟರು ಅಡುಗೆಮನೆಯ ಮೇಜಿನ ಮೇಲೆ ಕಾಗದ ಬರೆಯುತ್ತಾ, "ನಿನ್ನೆ ಏನಾದ್ರೂ ಭಾರ ಎಳೆದಿದ್ರಾ?" ಎಂದು ಕೇಳಿದರು. ಎರ್ವೆ, "ಎಳೆದ" ಎಂದ. "ಎಳೀದೇ ಇದ್ರೂ ಇವತ್ತಲ್ಲ ನಾಳೆ ಆಗೋದೇ. ಏಪ್ರಿಲ್‌ನಲ್ಲೇ ಹೇಳಿದ್ದೆ" ಎಂದರು ಡಾಕ್ಟರು. ಅವರು ಒಳ್ಳೆಯ ಡಾಕ್ಟರು, ಸುಳ್ಳು ಹೇಳುವವರಲ್ಲ. ಆದರೂ ಆ ಮಾತನ್ನು ನಂಬಲು ಎರ್ವೆಗೆ ಇನ್ನೂ ಆಗಿಲ್ಲ.

ರೆಜಿಸ್ ಹುಟ್ಟಿದ್ದು ಬೆಳ್ಳುಳ್ಳಿ ಬೆಳೆಯುವವರ ಮನೆಯಲ್ಲಿ. ತುಲೂಸಿನ ಹತ್ತಿರದ ಲೊಮಾನ್ಯ ಸೀಮೆಯ ಕಾಸ್ತೆರಾದಲ್ಲಿ ಜುಲೈ ಬಂತೆಂದರೆ ಬೇರೆ ಮಾತಿಲ್ಲ. ಮನೆಮನೆಯ ಅಟ್ಟದಲ್ಲೂ ಬೆಳ್ಳುಳ್ಳಿ ಕಂತೆಗಳು ತೂಗುತ್ತವೆ, ಇಗರ್ಜಿಯ ಒಳಗೂ ಅದೇ ಘಾಟು. ಅವನು ಎಡಚ. ಬೆಳ್ಳುಳ್ಳಿ ಸೊಸೈಟಿಯ ಗೋಡೆಗೆ ದಿನವಿಡೀ ಚೆಂಡು ಹೊಡೆಯುತ್ತಿದ್ದ. ಒಳಗೆ ಕೂತು ಗಡ್ಡೆ ವಿಂಗಡಿಸುವ ಹೆಂಗಸರು ತಲೆನೋವೆಂದು ದೂರು ಕೊಟ್ಟಾಗ ಅವರಪ್ಪ ಹೇಳಿದ್ದು ಇಷ್ಟು: "ಬೆಳ್ಳುಳ್ಳಿ ಜಡೆ ಹೆಣೆಯೋಕೆ ಕೂರಿಸಿದ್ರೆ ಎಲ್ಲಾ ಉಲ್ಟಾ ಹೆಣೀತಾನೆ. ಚೆಂಡಾದ್ರೂ ಹೊಡೀಲಿ ಬಿಡಿ."

ಎರ್ವೆ ಅಂಚೆಯವನ ಮಗ. ಇಬ್ಬರಿಗೂ ಹನ್ನೊಂದು ವರ್ಷವಾಗಿದ್ದಾಗ ಊರಿನಲ್ಲಿ ಮೊದಲ ಕೆಂಪು ಮಣ್ಣಿನ ಟೆನಿಸ್ ಕೋರ್ಟ್ ಆಯಿತು. ಇಬ್ಬರೂ ಒಂದೇ ದಿನ ಹೆಸರು ಬರೆಸಿದರು. ಒಂದು ತಿಂಗಳೊಳಗೆ ಎರ್ವೆಗೆ ತಾನು ಎಂದೂ ಇವನನ್ನು ಸೋಲಿಸಲಾರೆ ಎಂಬುದು ಗೊತ್ತಾಯಿತು. ಗೊತ್ತಾದ ಮೇಲೆ ಒಂದು ಥರದ ನೆಮ್ಮದಿ. ಪುಸ್ತಕ ಹಿಡಿದ, ಕಾಲಕ್ರಮದಲ್ಲಿ ಶಾಲೆಯ ಸಾಹಿತ್ಯದ ಮೇಷ್ಟ್ರಾದ. ರೆಜಿಸ್‌ನನ್ನು ಹದಿನಾಲ್ಕಕ್ಕೆ ತುಲೂಸಿನ ತರಬೇತಿ ಕೇಂದ್ರದವರು ಕರೆದುಕೊಂಡು ಹೋದರು, ಹದಿನೇಳಕ್ಕೆ ವಾಪಸ್ ಕಳಿಸಿದರು. ಕಾಲು ಚುರುಕು, ಕೈ ಒಳ್ಳೆಯದು, ಎತ್ತರ ಸಾಲದು ಎಂದರಂತೆ. ಅವನು ಮನೆಗೆ ಬಂದು ಒಂದು ವಾರ ಬೆಳ್ಳುಳ್ಳಿ ಕಿತ್ತ. ಎಂಟನೆಯ ದಿನ ಅಪ್ಪನ ಹಳೇ ಕಾರು ತೆಗೆದುಕೊಂಡು ತಾನೇ ಟೂರ್ನಿಗಳಿಗೆ ಹೊರಟ.

ಹಾಗೆ ಹದಿನಾರು ವರ್ಷ. ಪ್ರಪಂಚದ ಆಟಗಾರರ ಪಟ್ಟಿಯಲ್ಲಿ ಅವನು ಏರಿದ ಅತಿ ಎತ್ತರದ ಮೆಟ್ಟಿಲು ನೂರ ಎಪ್ಪತ್ತೊಂದು, ಅದೂ ಮೂರು ವಾರ. ಕೋಚ್ ಇರಲಿಲ್ಲ. ಕಾರಿನ ಡಿಕ್ಕಿಯಲ್ಲಿ ತಂತಿ ಬಿಗಿಯುವ ಯಂತ್ರ ಇಟ್ಟುಕೊಂಡು ತನ್ನ ರಾಕೆಟ್ಟಿಗೂ ಬೇಕಾದರೆ ಎದುರಾಳಿಯ ರಾಕೆಟ್ಟಿಗೂ ತಾನೇ ತಂತಿ ಕಟ್ಟುತ್ತಿದ್ದ. ಹೋಟೆಲಿನ ಬೇಸಿನ್‌ನಲ್ಲಿ ಬಟ್ಟೆ ಒಗೆದು ಕಾರಿನ ಹಿಂದಿನ ಸೀಟಿನಲ್ಲಿ ಒಣಗಿಸುತ್ತಿದ್ದ. ವಸಂತದ ಭಾನುವಾರಗಳಲ್ಲಿ ಜರ್ಮನಿಯ ಒಂದು ಸಣ್ಣ ಕ್ಲಬ್ಬಿಗೆ ತಂಡದ ಪಂದ್ಯ ಆಡಿಕೊಡುತ್ತಿದ್ದ, ವರ್ಷದ ಖರ್ಚು ನಡೆಯುತ್ತಿದ್ದದ್ದು ಅದರಿಂದಲೇ. ಬೇಸಿಗೆಯಲ್ಲಿ ನಮ್ಮ ಕಡೆಯ ಊರೂರು ಟೂರ್ನಿ. ಚಿಕ್ಕ ಊರುಗಳಲ್ಲಿ ಗೆದ್ದವನಿಗೆ ಬಹುಮಾನ ಒಂದು ಇಡೀ ಹಂದಿತೊಡೆ, ಒಂದು ಬಾಟಲಿ ಆರ್ಮನ್ಯಾಕ್ ಬ್ರಾಂಡಿ. ಒಂದು ಸಲ ಆಗಸ್ಟ್ ಮುಗಿಯುವಾಗ ವಿವಿಯಾನ್, "ಇನ್ನೊಂದು ತೊಡೆ ತಂದ್ರೆ ಬಾಗಿಲು ತೆಗೆಯಲ್ಲ, ಮುಂದಿನ ಸಲ ಫೈನಲ್‌ನಲ್ಲಿ ಸೋತು ಬಾ. ಎರಡನೆಯವನಿಗೆ ಟವೆಲ್ ಕೊಡ್ತಾರೆ" ಎಂದಿದ್ದಳು.

ಶಾಲೆಗೆ ರಜೆ ಬಿಟ್ಟಾಗ ಎರ್ವೆ ಅವನ ಜೊತೆ ಹೋಗುತ್ತಿದ್ದ. ಅವನು ನಿದ್ದೆ ಮಾಡುವಾಗ ಕಾರು ಓಡಿಸುವುದು ಎರ್ವೆಯ ಕೆಲಸ.

"ನೂರ ಎಪ್ಪತ್ತೊಂದು ಅಂದ್ರೆ ಏನು ಗೊತ್ತಾ ನಿಂಗೆ?" ಎಂದು ರೆಜಿಸ್ ಒಂದು ಸಲ ಕೇಳಿದ. "ಇಡೀ ಪ್ರಪಂಚದಲ್ಲಿ ನನಗಿಂತ ಚೆನ್ನಾಗಿ ಆಡೋರು ನೂರ ಎಪ್ಪತ್ತೇ ಜನ. ನಿನ್ನ ಸ್ಕೂಲಲ್ಲಿ ನಿನಗಿಂತ ಚೆನ್ನಾಗಿ ಪಾಠ ಮಾಡೋರು ಎಷ್ಟು ಜನ?"

"ನಮ್ಮ ಸ್ಕೂಲಲ್ಲಿ ಇರೋದೇ ಇಪ್ಪತ್ತೆರಡು ಜನ ಮೇಷ್ಟ್ರು."

"ಹಾಗಾದ್ರೆ ಇಪ್ಪತ್ತೊಂದು."

ಬೋರ್ದೋದಲ್ಲಿ ಒಮ್ಮೆ ಪ್ರಪಂಚದ ಹದಿನೆಂಟನೆಯವನನ್ನು ಸೋಲಿಸಿದ. ಊರಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ರೆಜಿಸ್ ಪ್ರತಿಯೊಬ್ಬರಿಗೂ, "ಅವನಿಗೆ ಜ್ವರ ಇತ್ತು" ಎಂದ. ಎಷ್ಟು ಜ್ವರ ಎಂದು ಯಾರೋ ಹಾಸ್ಯಕ್ಕೆ ಕೇಳಿದರೆ, "ಮೂವತ್ತೊಂಬತ್ತು ಡಿಗ್ರಿ, ಅವನ ಕಡೆಯವರನ್ನೇ ಹೋಗಿ ಕೇಳಿದೆ" ಎಂದ. ಹಾಗಿದ್ದ ಮನುಷ್ಯ.

ಇಷ್ಟೆಲ್ಲ ಆಡಿದರೂ ಜನ ಕೇಳುವ ಮೊದಲ ಪ್ರಶ್ನೆ ಒಂದೇ: ಪ್ಯಾರಿಸಿನಲ್ಲಿ ಆಡಿದ್ದೀಯಾ? ಮೇ ತಿಂಗಳ ಕೊನೆಯ ಆ ದೊಡ್ಡ ಟೂರ್ನಿಯಲ್ಲಿ ಒಂದು ಸಲ, ಒಂದೇ ಒಂದು ಪಂದ್ಯ ಆಡಿದರೆ ಸಾಕು, ಸಾಯುವ ತನಕ ಮರ್ಯಾದೆ. ಅದರ ಬಾಗಿಲಿಗೆ, ಅದೇ ಊರಿನಲ್ಲಿ, ಮೊದಲು ಗೆಲ್ಲಬೇಕಾದ ಮೂರು ಅರ್ಹತಾ ಪಂದ್ಯಗಳಿವೆ. ರೆಜಿಸ್ ಒಂಬತ್ತು ವರ್ಷ ಆ ಬಾಗಿಲು ತಟ್ಟಿದ. ಮೂರನೆಯ ಪಂದ್ಯದ ತನಕ ಹೋದದ್ದು ಒಮ್ಮೆ, ತೊಂಬತ್ತೊಂದರಲ್ಲಿ.

ಆ ದಿನ ಎರ್ವೆ ಕೋರ್ಟಿನ ಪಕ್ಕದ ಗಿಡ್ಡ ಕಟ್ಟೆಯ ಮೇಲೆ, ಸರ್ವ್ ಬೀಳಬೇಕಾದ ಅಂಕಣದ ಹಿಂಗೆರೆಗೆ ನೇರವಾಗಿ ಕೂತಿದ್ದ. ಎದುರಾಳಿ ಅರ್ಜೆಂಟೀನಾದ ಹುಡುಗ. ಮೂರನೆಯ ಸೆಟ್, ಐದು–ನಾಲ್ಕು, ನಲವತ್ತು–ಮೂವತ್ತು. ಸರ್ವ್ ರೆಜಿಸ್‌ನದು. ಒಂದು ಪಾಯಿಂಟ್ ಬಂದರೆ ಪ್ಯಾರಿಸಿನ ದೊಡ್ಡ ಟೂರ್ನಿ. ಮೊದಲ ಸರ್ವ್ ನೆಟ್ಟಿಗೆ ಬಿತ್ತು. ಎರಡನೆಯದನ್ನು ಅವನು ಯಾವಾಗಿನಂತೆ ಸುತ್ತು ಕೊಟ್ಟು ಎತ್ತರದಿಂದ ಇಳಿಸಿದ. ಅದು ಹಿಂಗೆರೆಗೆಂದು ಮಣ್ಣಿನಲ್ಲಿ ಮೊಳೆ ಹೊಡೆದು ಕೂರಿಸಿದ ಬಿಳಿ ಪ್ಲಾಸ್ಟಿಕ್ ಪಟ್ಟಿಗೆ ಬಡಿದು, ಪುಟಿಯದೆ ಜಾರಿ, ಹುಡುಗನ ರಾಕೆಟ್ಟಿನ ಕೆಳಗೆ ನುಸುಳಿ ಹೋಯಿತು. ಆಮೇಲೆ, ತಡವಾಗಿ, ಗೆರೆ ಕಾಯುವವನು ಹೊರಗೆ ಎಂದು ಕೈ ಚಾಚಿದ.

ಹುಲ್ಲಿನ ಮೇಲೆ, ಸಿಮೆಂಟಿನ ಮೇಲೆ ಆಡುವವರಿಗೆ ಈ ಕಷ್ಟವಿಲ್ಲ. ನಮ್ಮ ಮಣ್ಣಿನಲ್ಲಿ ಬಿದ್ದ ಪ್ರತಿ ಚೆಂಡೂ ಗುರುತು ಬಿಡುತ್ತದೆ. ಅಂಪೈರ್ ಕುರ್ಚಿಯಿಂದ ಇಳಿದು ಹೋಗಿ ಬಗ್ಗಿ ನೋಡಿ ಬೆರಳು ತೋರಿಸಿದ. ಗುರುತು ಪಟ್ಟಿಗೆ ತಾಗಿತ್ತು. ಒಳಗೆ ಎಂದ. ಅಂದರೆ ಆಟ ಮುಗಿದಿತ್ತು, ರೆಜಿಸ್ ಗೆದ್ದಿದ್ದ.

ಆದರೆ ರೆಜಿಸ್ ಓಡಿ ನೆಟ್ಟಿನ ಹತ್ತಿರ ಬಂದಿದ್ದ. ಎದುರಾಳಿಯ ಕಡೆಗೆ ಕಾಲಿಡುವಂತಿಲ್ಲ, ದಂಡ ಬೀಳುತ್ತದೆ. ಅಲ್ಲಿಂದಲೇ ಕತ್ತು ಚಾಚಿ ನೋಡಿದ. ಆಮೇಲೆ ರಾಕೆಟ್ ಚಾಚಿ, "ಅದಲ್ಲ ಸಾರ್. ಅದರ ಹಿಂದಿರೋದು ನಂದು. ಹೊರಗೇ ಬಿದ್ದಿದೆ" ಎಂದ.

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಎರ್ವೆ ಒಬ್ಬ ಕೂತೇ ಇದ್ದ. ಚೆಂಡು ಪಟ್ಟಿಗೆ ಬಡಿದ ಸದ್ದು ಅವನ ಕಿವಿಯಲ್ಲಿತ್ತು. ಮಣ್ಣಿಗೆ ಬಿದ್ದರೆ ಆಗುವ ಸದ್ದು ಬೇರೆ. ರೆಜಿಸ್ ತೋರಿಸಿದ ಗುರುತು ಉದ್ದಕ್ಕೆ ಸೀಳಿದಂತಿತ್ತು. ಜೋರಾಗಿ ನೇರ ಹೊಡೆದ ಚೆಂಡು ಹಾಗೆ ಸೀಳುತ್ತದೆ, ಸುತ್ತು ಕೊಟ್ಟದ್ದು ದುಂಡಗೆ ಕೂರುತ್ತದೆ. ಅದು ಎರಡು ಪಾಯಿಂಟ್ ಹಿಂದೆ ಅವನೇ ಹೊಡೆದು ಎರಡು ಬೆರಳು ಹೊರಗೆ ಹೋದ ಮೊದಲ ಸರ್ವಿನ ಗುರುತು. ನೆಟ್ಟಿನಿಂದ ನೋಡಿದರೆ ತುಸು ಎದ್ದ ಪಟ್ಟಿಯ ಮರೆಯಲ್ಲಿ ಹೊಸದು ಅಡಗಿತ್ತು, ಹಳೆಯದು ಕಣ್ಣಿಗೆ ಹೊಡೆಯುತ್ತಿತ್ತು. ಹನ್ನೊಂದನೇ ವಯಸ್ಸಿನಿಂದ ಗುರುತು ಓದಿಕೊಂಡೇ ಬೆಳೆದವನು, ಜೀವನದ ಅತಿ ದೊಡ್ಡ ಪಾಯಿಂಟಿನಲ್ಲಿ ತಪ್ಪು ಗುರುತನ್ನು ಓದಿದ್ದ. ಅರ್ಜೆಂಟೀನಾದ ಹುಡುಗ ಆಗಲೇ ಮುಂದಿನ ಸರ್ವ್ ಎದುರಿಸಲು ಹೆಜ್ಜೆ ಹಾಕಿದ್ದ. ಅಂಪೈರ್ ಆಟಗಾರನ ಮಾತನ್ನೇ ಎತ್ತಿಹಿಡಿದ. ಡಬಲ್ ಫಾಲ್ಟ್. ಇಪ್ಪತ್ತು ನಿಮಿಷದಲ್ಲಿ ಏಳು–ಐದಕ್ಕೆ ಪಂದ್ಯ ಕೈಬಿಟ್ಟಿತು.

ಎರ್ವೆ ಯಾಕೆ ಕೂಗಲಿಲ್ಲ? ಕಟ್ಟೆಯ ಮೇಲಿನವರ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಅದು ಒಂದು ಕಾರಣ. ಕಾರಿನಲ್ಲಿ ಯಾಕೆ ಹೇಳಲಿಲ್ಲ ಎಂಬುದಕ್ಕೆ ಆ ಕಾರಣವೂ ಇಲ್ಲ. ಏಳುನೂರು ಕಿಲೋಮೀಟರಿನ ದಾರಿ. ಲಿಮೋಜ್ ತನಕ ಎರ್ವೆ ಕಾರು ಓಡಿಸಿದ. ಅಲ್ಲಿ ರಸ್ತೆ ಪಕ್ಕ ನಿಲ್ಲಿಸಿ, ಕಾರಿನ ಬಾನೆಟ್ ಮೇಲೆ ಬ್ರೆಡ್ಡು ಚೀಸು ಇಟ್ಟುಕೊಂಡು ತಿನ್ನುವಾಗ ಎರ್ವೆ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ರೆಜಿಸ್, "ಒಂದು ವಿಷಯ ಸರಿಯಾಯ್ತು ಬಿಡು" ಎಂದ. "ಕದ್ದು ಗೆದ್ದಿದ್ರೆ ಆ ಗುರುತು ಸಾಯೋತನಕ ಕಣ್ಣ ಮುಂದೆ ಇರ್ತಿತ್ತು. ಈಗ ಸೋತಿದೀನಿ. ಆದ್ರೆ ನಿದ್ದೆ ಬರುತ್ತೆ ಕಣೋ."

ಎರ್ವೆ ಬಾಯಲ್ಲಿದ್ದ ಬ್ರೆಡ್ಡಿನ ಜೊತೆ ಮಾತನ್ನೂ ನುಂಗಿದ. ನಾಳೆ ಹೇಳಿದರಾಯಿತು ಎಂದುಕೊಂಡ.

ಮೂವತ್ತಮೂರಕ್ಕೆ ರೆಜಿಸ್ ಆಟ ಬಿಟ್ಟು, ಪರೀಕ್ಷೆ ಪಾಸು ಮಾಡಿ, ಕಾಸ್ತೆರಾದ ಕ್ಲಬ್ಬಿನಲ್ಲಿ ಮಕ್ಕಳಿಗೆ ಕಲಿಸುವ ಮೇಷ್ಟ್ರಾದ. ಆ ಹೊತ್ತಿಗೆ ಕೋರ್ಟು ಎರಡಾಗಿದ್ದವು. ಮಣ್ಣು ತುಂಬುವುದು, ನೀರು ಹೊಡೆಯುವುದು, ಚಳಿಗಾಲ ಕಳೆದ ಮೇಲೆ ಎದ್ದ ಪಟ್ಟಿಗಳಿಗೆ ಮೊಳೆ ಬಡಿಯುವುದು, ಎಲ್ಲ ಅವನೇ. ಅವನ ಪಾಠದಲ್ಲಿ ಎರಡೇ ಕಟ್ಟಳೆ. ಮೊದಲನೆಯದು: ಅನುಮಾನ ಬಂದ ಚೆಂಡು ಎದುರಿನವನದು. ಅಂಪೈರ್ ಇಲ್ಲದ ನಮ್ಮ ಭಾನುವಾರದ ಪಂದ್ಯಗಳಲ್ಲಿ ಗುರುತಿನ ಮೇಲೆ ಜಗಳವಾಗದ ಊರಿಲ್ಲ. ಕಾಸ್ತೆರಾದ ಮಕ್ಕಳು ಮಾತ್ರ ಬಗ್ಗಿ ನೋಡಿ, ಕಾಲಿನಿಂದ ಗುರುತು ಅಳಿಸಿ, "ನಿಮ್ಮದೇ" ಎಂದು ತಿರುಗಿ ನಡೆಯುತ್ತಿದ್ದರು. ಬೇರೆ ಊರಿನವರು ಇದಕ್ಕೊಂದು ಹೆಸರಿಟ್ಟರು, ಕಾಂಬೋಲೀವ್ ಪಾಯಿಂಟ್ ಎಂದು. ಪ್ಯಾರಿಸಿನ ಕಥೆ ಅಷ್ಟು ಹಬ್ಬಿತ್ತು.

ಎರಡನೆಯದು: ಆಡಿದ ಮೇಲೆ ಬಲೆ ಎಳೆಯಬೇಕು. ಕೋರ್ಟಿನಷ್ಟೇ ಕೆಂಪಾದ, ಮರದ ದಂಡಕ್ಕೆ ಕಟ್ಟಿದ ಭಾರದ ಬಲೆ ಅದು. ಬೇಲಿಯಿಂದ ಶುರುಮಾಡಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ ನಡುವಿಗೆ ಬಂದು ಮುಗಿಸಬೇಕು. ಎಲ್ಲ ಗುರುತೂ ಅಳಿದು ಮುಂದಿನವರಿಗೆ ಕೋರ್ಟು ಹೊಸದಾಗುತ್ತದೆ. ಹಿಂದಿನ ಮೇಯರ್ ಒಂದು ಸಲ ಆಡಿ ಸೀದಾ ಕಾರಿಗೆ ಹೋಗಿ ಕೂತಿದ್ದರು. ರೆಜಿಸ್ ಕಿಟಕಿ ತಟ್ಟಿ, "ಮೇಯರ್ ಸಾಹೇಬ್ರೇ, ಕೋರ್ಟು ನಿಮ್ಮಪ್ಪಂದಲ್ಲ. ಬನ್ನಿ, ಎಳೀರಿ" ಎಂದ. ಅವರು ಇಳಿದು ಬಂದು ಎಳೆದರು.

ಪಂದ್ಯ ಮುಗಿದ ಭಾನುವಾರಗಳಲ್ಲಿ ಎರಡೂ ತಂಡಗಳಿಗೆ ರೆಜಿಸ್‌ನ ಮನೆಯಲ್ಲೇ ಬೆಳ್ಳುಳ್ಳಿ ಸೂಪು. ಪಂದ್ಯವಿಲ್ಲದ ಭಾನುವಾರ ಎರ್ವೆ ಒಬ್ಬನಿಗೆ. ನಮ್ಮ ಕಡೆಯ ರೂಢಿಯಂತೆ ಸೂಪಿನ ತಳದಲ್ಲಿ ಉಳಿದದ್ದಕ್ಕೆ ಕೆಂಪು ವೈನ್ ಸುರಿದು ಬಟ್ಟಲು ಎತ್ತಿ ಕುಡಿಯುವಾಗ ಯಾರಾದರೂ ಆ ಕಥೆ ತೆಗೆಯುತ್ತಿದ್ದರು. ಆಗ ಎರ್ವೆಯ ಮುಖ ಬಟ್ಟಲಿನೊಳಗೆ ಇರುತ್ತಿತ್ತು. ನಾಳೆ ಎಂಬುದು ವರ್ಷವಾಯಿತು, ಹತ್ತು ವರ್ಷವಾಯಿತು. ಈಗ ಹೇಳಿದರೆ ಏನು ಉಳಿಯುತ್ತದೆ ಇವನಿಗೆ? ಪ್ಯಾರಿಸ್ ಹೋಯಿತು ಸರಿ, ಅದರ ಬದಲು ಸಿಕ್ಕ ಈ ಒಂದು ಹೆಸರೂ ಹೋದರೆ? ಹೀಗೆ ಯೋಚಿಸಿ ಅವನು ಸುಮ್ಮನಿದ್ದ. ಅದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಹೇಡಿತನ ಎಂದು ತೂಗಿ ನೋಡಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ರೆಜಿಸ್‌ಗೆ ಮೊದಲ ಸಲ ಎದೆನೋವು ಬಂತು. ಆಡಬೇಡ, ಬಲೆ ಎಳೆಯಬೇಡ, ಕೂತು ಕಲಿಸು ಎಂದರು ಡಾಕ್ಟರು. ಊರಿನವರು ಹೆದರಿ, ಕೋರ್ಟಿಗೆ ಅವನ ಹೆಸರನ್ನು ಈಗಲೇ ಇಡೋಣ ಎಂದು ತೀರ್ಮಾನಿಸಿದರು. ಅಕ್ಟೋಬರ್ ಹದಿನಾರರ ಭಾನುವಾರಕ್ಕೆ ಸಮಾರಂಭ. ಬಾಗಿಲಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಪ್ಯಾರಿಸಿನ ಆ ಪಾಯಿಂಟಿನ ಬಗ್ಗೆ ನಾಲ್ಕು ಸಾಲು. ಈಗಿನ ಮೇಯರಮ್ಮ ಜೊಸಿಯಾನ್ ನೇರ ಎರ್ವೆಯ ಮನೆಗೇ ಬಂದಳು.

"ನೀವೇ ಬರೀಬೇಕು ಮೇಷ್ಟ್ರೇ. ಓದಿದವರು, ಅದರ ಮೇಲೆ ಕಣ್ಣಾರೆ ಕಂಡವರು. ಮಂಗಳವಾರ ಬೆಳಿಗ್ಗೆ ಕಲ್ಲು ಕೆತ್ತೋನಿಗೆ ಕೊಡ್ಬೇಕು. ಉದ್ದ ಬರೀಬೇಡಿ, ಅವನು ಅಕ್ಷರಕ್ಕಿಷ್ಟು ಅಂತ ಕೇಳ್ತಾನೆ."

ಎರ್ವೆ ಮೂರು ದಿನ ಕೂತ. ಬರೆದ ಪ್ರತಿಯೊಂದು ಪದವೂ ನಿಜವಾಗಿತ್ತು, ಪದಗಳು ಸೇರಿದರೆ ಸುಳ್ಳಾಗುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದು ಒಂದು, ಕಲ್ಲಿನಲ್ಲಿ ಕೆತ್ತಿಸುವುದು ಇನ್ನೊಂದು. ಅಕ್ಟೋಬರ್ ಹತ್ತರ ಸೋಮವಾರ ಮಧ್ಯಾಹ್ನ ಶಾಲೆಯಿಂದ ಸೀದಾ ಕ್ಲಬ್ಬಿಗೆ ಹೋದ.

ರೆಜಿಸ್ ಕೋರ್ಟಿನ ಪಕ್ಕದ ಬೆಂಚಿನ ಮೇಲೆ ಕೂತು ಯಾವುದೋ ಮಗುವಿನ ರಾಕೆಟ್ಟಿಗೆ ಹಿಡಿಪಟ್ಟಿ ಸುತ್ತುತ್ತಿದ್ದ.

"ಏನಪ್ಪಾ ಕವಿ, ಕಲ್ಲಿಗೆ ಹಣೆಬರಹ ಬರೆದಾಯ್ತಾ?"

"ಅದೇ ವಿಷಯಕ್ಕೆ ಬಂದೆ. ಆ ಚೆಂಡು ಒಳಗೆ ಬಿದ್ದಿತ್ತು ಕಣೋ ರೆಜಿಸ್."

 ಸುತ್ತುತ್ತಿದ್ದ ಕೈ ನಿಂತಿತು.

"ಅಂಪೈರ್ ತೋರ್ಸಿದ್ದೇ ಸರಿ. ನೀನು ತೋರ್ಸಿದ್ದು ಮೂವತ್ತು–ಹದಿನೈದರಲ್ಲಿ ಹೊಡೆದೆಯಲ್ಲ, ಆ ಮೊದಲ್ನೇ ಸರ್ವಿನ ಗುರುತು. ಉದ್ದಕ್ಕಿತ್ತು. ನಾನು ಗೆರೆಗೆ ನೇರ ಕೂತಿದ್ದೆ. ಪಟ್ಟಿಗೆ ಬಡಿದ ಸದ್ದು ಕೇಳಿಸ್ತು."

"ಅವತ್ತೇ ಗೊತ್ತಿತ್ತಾ?"

"ಅವತ್ತೇ."

"ಮೂವತ್ತೊಂದು ವರ್ಷ" ಎಂದ ರೆಜಿಸ್. "ಭಾನುವಾರ ಭಾನುವಾರ ನನ್ನ ಮನೇಲಿ ಸೂಪು ಕುಡಿದಿದೀಯ. ಒಂದು ಭಾನುವಾರನೂ ಬಾಯಿಗೆ ಬರ್ಲಿಲ್ವಾ ಇದು?"

"ನಿದ್ದೆ ಬರುತ್ತೆ ಅಂದಿದ್ದೆ ನೀನು. ಲಿಮೋಜ್ ಹತ್ರ."

ರೆಜಿಸ್ ಎದ್ದ. ಚೆಂಡಿನ ಬುಟ್ಟಿ ತೆಗೆದುಕೊಂಡು ಕೋರ್ಟಿನ ಆಚೆ ತುದಿಗೆ ನಡೆದ.

"ಏಯ್, ಡಾಕ್ಟ್ರು ಏನು ಹೇಳಿದಾರೆ?"

"ಡಾಕ್ಟ್ರಿಗೆ ಹೇಳ್ಬೇಡ. ಬಚ್ಚಿಡೋದು ನಿನಗೆ ಚೆನ್ನಾಗಿ ಬರುತ್ತಲ್ಲ. ಹೋಗು, ಗೆರೆಗೆ ನೇರ ನಿಂತ್ಕೋ. ಆ ಕಡೆ ತಿರುಗು, ಕಣ್ಣು ಮುಚ್ಚು. ಸದ್ದು ಕೇಳಿ ಹೇಳು."

ಎರ್ವೆ ಬೆನ್ನು ತಿರುಗಿಸಿ ನಿಂತ. ರೆಜಿಸ್ ಒಂದೊಂದಾಗಿ ಎರಡನೆಯ ಸರ್ವ್ ಹೊಡೆಯತೊಡಗಿದ, ನಿಧಾನವಾಗಿ, ಸುತ್ತು ಕೊಟ್ಟು.

"ಮಣ್ಣು" ಎಂದ ಎರ್ವೆ. "ಮಣ್ಣು. ಇದು ನೆಟ್ಟು. ಮಣ್ಣು."

ಒಂಬತ್ತನೆಯದಕ್ಕೆ, "ಪಟ್ಟಿ" ಎಂದ.

 ಎರ್ವೆ ತಿರುಗಿ ನೋಡಿದಾಗ ರೆಜಿಸ್ ನೆಟ್ಟಿನ ಹತ್ತಿರ ಬಂದು, ಅವತ್ತು ನಿಂತಂತೆಯೇ ಕತ್ತು ಚಾಚಿ ನಿಂತಿದ್ದ. ಬಹಳ ಹೊತ್ತು ನೋಡಿದ.

"ಇಲ್ಲಿಂದ ಕಾಣಲ್ಲ ಕಣೋ."

"ಕಾಣಲ್ಲ."

ನೆಟ್ಟು ಸುತ್ತಿಕೊಂಡು ಬಂದು ಗುರುತಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಪಟ್ಟಿಗೆ ಒತ್ತಿಕೊಂಡು ಅರ್ಧ ದುಂಡನೆಯ ಗುರುತು. ಬೆರಳಿನಿಂದ ಅದರ ಸುತ್ತ ಒಂದು ಗೆರೆ ಎಳೆದ.

"ನಾನು ಹುಡುಗರಿಗೆಲ್ಲ ಏನು ಹೇಳ್ಕೊಟ್ಟೆ? ಗುರುತು ಸುಳ್ಳು ಹೇಳಲ್ಲ ಅಂತ."

"ಅದು ಹೇಳ್ಲಿಲ್ಲ. ನೀನು ಬೇರೆ ಗುರುತನ್ನ ಕೇಳಿದೆ."

"ಮೇಷ್ಟ್ರ ಹಾಗೆ ಮಾತಾಡ್ಬೇಡ, ಒದೀತೀನಿ." ನಿಜವಾಗಿಯೂ ಸಿಟ್ಟು ಬಂದಿತ್ತು.   ಪಕ್ಕದ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು.

"ಅಂದ್ರೆ ನಾನು ಗೆದ್ದಿದ್ದೆ" ಎಂದ ರೆಜಿಸ್.

"ಗೆದ್ದಿದ್ದೆ."

"ಪ್ಯಾರಿಸ್‌ಗೆ."

"ಹೂಂ."

"ಆ ಹುಡುಗನಿಗೆ ಜ್ವರ ಏನಾದ್ರೂ ಇತ್ತಾ?"

"ಇರ್ಲಿಲ್ಲ ಮಾರಾಯ. ಗುಂಡುಕಲ್ಲಿನ ಹಾಗಿದ್ದ."

ರೆಜಿಸ್ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಜೋರಾಗಿ. ನಗುತ್ತಾ ಎದೆ ಒತ್ತಿಕೊಂಡ, ಎರ್ವೆ ಕೈ ಕೊಟ್ಟು ಎಬ್ಬಿಸಿದ. ಎದ್ದ ಮೇಲೂ ರೆಜಿಸ್ ಆ ಕೈ ಬಿಡಲಿಲ್ಲ, ಪಂದ್ಯ ಮುಗಿದಾಗ ಕುಲುಕುವ ಹಾಗೆ ಒಮ್ಮೆ ಗಟ್ಟಿಯಾಗಿ ಕುಲುಕಿ ಬಿಟ್ಟ.

"ಕಲ್ಲಿಗೆ ಏನು ಬರೀಲಿ?" ಎಂದು ಎರ್ವೆ ಕೇಳಿದ. "ನಿಜ ಬರಿ ಅಂದ್ರೆ ನಿಜ ಬರೀತೀನಿ. ಹಳೇದೇ ಇರ್ಲಿ ಅಂದ್ರೆ ಬೇರೆಯವ್ರ ಕೈಲಿ ಬರೆಸ್ಕೋ."

"ಆಡಿದ ಮೇಲೆ ಬಲೆ ಎಳೆಯಿರಿ. ಅಷ್ಟೇ ಬರಿ. ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ. ಅಕ್ಷರನೂ ಕಮ್ಮಿ, ಜೊಸಿಯಾನ್‌ಗೆ ಖುಷಿ."

ಎರ್ವೆ ಬೇಲಿಯಲ್ಲಿ ತೂಗುಹಾಕಿದ್ದ ಬಲೆಯ ಹಗ್ಗಕ್ಕೆ ಕೈ ಹಾಕಿದ. ರೆಜಿಸ್ ಕಿತ್ತುಕೊಂಡ.

"ಬಿಡು. ಐವತ್ತು ವರ್ಷದಿಂದ ನೋಡ್ತಿದೀನಿ, ನೀನು ಮೂಲೆ ಬಿಟ್ಟುಬಿಡ್ತೀಯ."

"ನೀನು ಎಳೆಯೋ ಹಾಗಿಲ್ಲ."

"ಆಡಿದ್ದು ನಾನು."

ಎರ್ವೆ ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ, ಬೆಂಚಿನ ಮೇಲೆ ಕೂತ. ರೆಜಿಸ್ ಹಗ್ಗವನ್ನು ಎಡಭುಜಕ್ಕೆ ಹಾಕಿಕೊಂಡು ಬೇಲಿಯ ಮೂಲೆಯಿಂದ ಶುರುಮಾಡಿದ. ಸುತ್ತು ಸುತ್ತು ಒಳಕ್ಕೆ ಬಂದ. ಆ ಗುರುತಿನ ಹತ್ತಿರ ಬಂದಾಗ ನಿಧಾನಿಸಲಿಲ್ಲ, ತಿರುಗಿ ನೋಡಲಿಲ್ಲ. ಬಲೆ ಅದರ ಮೇಲೂ ಹಾದುಹೋಯಿತು. ನಡುವಿಗೆ ಬಂದು ಮುಗಿಸಿ, ಬಲೆಯನ್ನು ಕೊಕ್ಕೆಗೆ ತೂಗುಹಾಕಿ, ಪೊರಕೆ ತೆಗೆದುಕೊಂಡು ಪಟ್ಟಿಗಳನ್ನೆಲ್ಲ ಒಂದೊಂದಾಗಿ ಗುಡಿಸಿ ಬೆಳ್ಳಗೆ ಮಾಡಿದ. ಆಮೇಲೆ ಬಾಗಿಲ ಹತ್ತಿರ ಬಂದು, ಒಂದು ಕೈಯಿಂದ ಕಂಬ ಹಿಡಿದು, ಬೂಟುಗಳನ್ನು ಕಳಚಿ ಒಂದಕ್ಕೊಂದು ಬಡಿದು ಕೆಂಪು ಮಣ್ಣನ್ನು ಕೋರ್ಟಿನ ಒಳಗೇ ಉದುರಿಸಿದ.